ಉಳಿದರ್ಧ ಗಡ್ಡ

"ಗಲ್ಲ ಸ್ವಲ್ಪ ಮೇಲೆತ್ತಿ ಹಿಡೀರಿ ಅತ್ತಿಗೆ. ಹಾಂ, ಅಷ್ಟು ಸಾಕು," ಎಂದ ಎದುರಂಗಡಿಯವನು, ಕ್ಷೌರದ ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಇನ್ನೆರಡು ಸಲ ಎಳೆಯುತ್ತ.

ಬೀದಿಗೆಲ್ಲ ಅತ್ತಿಗೆಯಾಗಿದ್ದ ಆಕೆ ಗಂಡನ ಗಲ್ಲದ ಕೆಳಗೆ ಎರಡು ಬೆರಳು ಕೊಟ್ಟಳು. ನಲವತ್ತು ವರ್ಷ ಊರವರ ಗಲ್ಲ ಹಿಡಿದು ಎತ್ತಿದ ಮನುಷ್ಯ, ಇವತ್ತು ತನ್ನ ಗಲ್ಲ ತಾನೇ ಎತ್ತಲಾರದೆ, ತನ್ನ ಕಟಿಂಗ್ ಅಂಗಡಿಯಲ್ಲೇ, ಗಿರಾಕಿಗಳು ಕಾಯುವ ಎರಡು ಬೆಂಚು ಜೋಡಿಸಿದ ಮೇಲೆ ಮಲಗಿದ್ದ. ನಿನ್ನೆ ಮಧ್ಯಾಹ್ನ ಊಟ ಮುಗಿಸಿ, "ಹತ್ತು ನಿಮಿಷ ಅಡ್ಡಾಗ್ತೀನಿ, ಯಾರಾದ್ರೂ ಬಂದ್ರೆ ಕೂರಿಸು," ಎಂದವನು ಮತ್ತೆ ಏಳಲಿಲ್ಲ. ನಿದ್ದೆಯಲ್ಲಿ ಕರೆದುಕೊಳ್ಳುವಷ್ಟು ದಯೆಯನ್ನು ದೇವರು ಎಲ್ಲರ ಮೇಲೂ ತೋರಿಸುವುದಿಲ್ಲ. ಯಾರಾದರೂ ಬಂದರೆ ಕೂರಿಸು ಎಂದಿದ್ದನಲ್ಲ, ಬೆಳಗಿನಿಂದ ಬೀದಿಗೆ ಬೀದಿಯೇ ಬಂದಿತ್ತು. ಕೂರಿಸಲು ಜಾಗವಿರಲಿಲ್ಲ. ಆದರೂ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದು ಹನ್ನೊಂದಕ್ಕೆ.

ಎಲ್ಲರೂ ಅವನನ್ನು ಹೂಗೈಯಣ್ಣ ಎನ್ನುತ್ತಿದ್ದರು. ಅವನ ಕತ್ತಿ ಓಡಿದ್ದು ಗೊತ್ತಾಗದೆ ಗಿರಾಕಿಗಳು ಗೊರಕೆ ಹೊಡೆದದ್ದುಂಟು.

"ನಾನೇ ಮಾಡ್ಬೇಕು ಅಂತ ಬಂದೆ," ಎಂದು ಎದುರಂಗಡಿಯವನು ಎಡಗೆನ್ನೆಗೆ ನೊರೆ ಹಚ್ಚಿದ. "ಮೂವತ್ತು ವರ್ಷ ಇವನ ಗಿರಾಕೀನ ನಾನು, ನನ್ನ ಗಿರಾಕೀನ ಇವನು ಕಿತ್ಕೊಂಡ್ವಿ. ಆದ್ರೆ ನಮ್ಮ ತಲೆ ನಾವೇ ಕತ್ತರಿಸ್ಕೊಳ್ಳೋಕೆ ಆಗತ್ತಾ? ರಜದ ದಿನ ಬಾಗಿಲು ಎಳ್ಕೊಂಡು ಇವನು ನಂದು, ನಾನು ಇವಂದು."

"ಅದಕ್ಕೇ ಇಬ್ಬರ ತಲೇನೂ ಒಂದೇ ಥರ ಕೆಟ್ಟಿರ್ತಿತ್ತು," ಎಂದ ಮೂಲೆಯಲ್ಲಿ ನಿಂತ ದರ್ಜಿ.

ಸಾವಿನ ಮನೆಯಲ್ಲಿ ನಗಬಾರದೆಂದು ಲಾರಿ ಡ್ರೈವರು ಮೂಗು ಒರೆಸಿಕೊಳ್ಳುವ ನೆಪದಲ್ಲಿ ನಕ್ಕ. ನಿವೃತ್ತ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅತ್ತಿಗೆಗೂ ತುಟಿಯಂಚು ಅಲುಗಿತು. ಆದರೆ ಅವಳ ತಂಗಿಯ ಬಾಯಿ ಸುಮ್ಮನಿರುವ ಬಾಯಲ್ಲ.

"ಅಕ್ಕ, ಭಾವ ಹೊಸ ಕುರ್ಚಿ ತರ್ತೀನಿ, ಸುತ್ತೋ ಕುರ್ಚಿ, ಹಿಂದಕ್ಕೆ ಮಲಗೋ ಕುರ್ಚಿ ಅಂತ ವರ್ಷಗಟ್ಟಲೆ ಕುಣಿದ್ರಲ್ಲ? ನೋಡು ಇದನ್ನ, ಹಿಡಿಗೆ ಹಗ್ಗ ಕಟ್ಟಿದೆ. ಯಾಕೆ ತರಲೇ ಇಲ್ಲ?"

ಅತ್ತಿಗೆಯ ಬೆರಳು ಗಂಡನ ಗಲ್ಲದ ಕೆಳಗೆ ಬಿಗಿಯಾಯಿತು. "ಹಳೇದಕ್ಕೆ ಬೆನ್ನು ಒಗ್ಗಿದೆ ಅಂತಿದ್ರು," ಎಂದಳು.

ಈ ಒಂದು ಮಾತನ್ನು ಹನ್ನೊಂದು ಗಂಟೆಯವರೆಗೆ ಕಾಯ್ದರೆ ಸಾಕಿತ್ತು. ಗಾಡಿ ಬಂದು ಹೋದ ಮೇಲೆ ಗುಟ್ಟು ಅವನ ಜೊತೆಗೇ ಹೋಗುತ್ತದೆ. ಅವಳು ಮಾತು ಕೊಟ್ಟಿದ್ದಳು.

*

ಐದು ವರ್ಷದ ಹಿಂದಿನ ಬೆಳಗು. ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ನೊರೆ ಹಚ್ಚಿಯಾಗಿತ್ತು. ಆಗ ಫೋನು ಬಂತು. ಹೂಗೈಯಣ್ಣ ಅದನ್ನು ಕಿವಿಗಿಟ್ಟುಕೊಂಡೇ ಹಿಂದಿನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡ. ಅತ್ತಿಗೆ ಒಲೆಯ ಮುಂದಿದ್ದಳು. ಏನೆಂದು ಕಣ್ಣಲ್ಲೇ ಕೇಳಿದರೆ, ಸುಮ್ಮನಿರು ಎಂದು ಕೈಸನ್ನೆ ಮಾಡಿದ. ಅವನ ಮುಖ ನೊರೆಗಿಂತ ಬೆಳ್ಳಗಿತ್ತು.

ತೆರಿಗೆ ಇಲಾಖೆಯಂತೆ. ಅಂಗಡಿ ತೆರೆದ ದಿನದಿಂದ ಲೆಕ್ಕ ಕೊಟ್ಟಿಲ್ಲವಂತೆ. ಪೊಲೀಸರು ಆಗಲೇ ಹೊರಟಿದ್ದಾರಂತೆ. ಫೋನು ಇಡಬಾರದು, ಪಕ್ಕದಲ್ಲಿರುವವರಿಗೆ ಹೇಳಬಾರದು, ಹೇಳಿದರೆ ಅವರ ಮೇಲೂ ಕೇಸು. ಮೊಬೈಲಿಗೆ ಒಂದು ನಂಬರು ಬರುತ್ತದೆ, ಅದನ್ನು ಓದಿ ಹೇಳಿದರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ. ಹೂಗೈಯಣ್ಣ ಕನ್ನಡಕ ಹುಡುಕಿ, ಒಂದೊಂದೇ ಅಂಕಿಯನ್ನು ಮಗ್ಗಿ ಒಪ್ಪಿಸುವವನಂತೆ ಓದಿದ.

ಅವನು ಹೊರಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಕುರ್ಚಿ ಖಾಲಿ. ಮೇಷ್ಟ್ರು ಒಣಗಿದ ನೊರೆಯನ್ನು ತಾವೇ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಮನೆಗೆ ಹೋಗಿದ್ದರು. ಮಾರನೇ ದಿನ ಬಂದು ಉಳಿದರ್ಧ ಮಾಡಿಸಿಕೊಂಡರು. ಏನಾಯಿತು ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ.

ಹೊಸ ಕುರ್ಚಿಗೆಂದು ಇಬ್ಬರೂ ಸೇರಿ ಕೂಡಿಟ್ಟದ್ದು ಅಷ್ಟೂ ಹೋಗಿತ್ತು. ಅವಳಿಗೆ ಅದು ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಗಂಡ ಮೂರು ದಿನ ತುತ್ತು ಎತ್ತದೆ ಕೂತದ್ದು ಕಂಡಿತು.

"ಪೊಲೀಸ್ ಕಂಪ್ಲೇಂಟ್ ಕೊಡೋಣ. ಯಾರಿಗಾದ್ರೂ ಹೇಳೋಣ," ಎಂದಿದ್ದಳು.

"ಬೇಡ ಕಣೆ. ಜನ ನನ್ನ ಮುಂದೆ ಕಣ್ಮುಚ್ಚಿ ಗಂಟಲು ಕೊಟ್ಟು ಕೂತ್ಕೋತಾರೆ. ಇವನೊಬ್ಬ ಪೆದ್ದ ಅಂತ ಗೊತ್ತಾದ್ರೆ ಯಾರು ಕೂತ್ಕೋತಾರೆ? ನಾನು ಸತ್ರೂ ಈ ಮಾತು ನಿನ್ನ ಬಾಯಿಂದ ಹೊರಗೆ ಬರಬಾರದು."

ಅವಳು ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡಳು.

ಆದರೆ ಹದಿನೈದು ದಿನ ಕಳೆದಿರಲಿಲ್ಲ, ಹಿಂದಿನ ಕೋಣೆಯಲ್ಲಿ ಪರದೆಯ ಈಚೆ ಕೂತು ಬಟ್ಟೆ ಮಡಚುತ್ತಿದ್ದವಳ ಕಿವಿ ನೆಟ್ಟಗಾಯಿತು. ಅಂಗಡಿಯಲ್ಲಿ ಗಂಡ ರಾಗವಾಗಿ ಕತೆ ಹೇಳುತ್ತಿದ್ದ: "ಒಂದೂರಲ್ಲಿ ಒಬ್ಬ ಬಡಗಿ ಇದ್ದನಂತೆ. ಒಳ್ಳೇವನು, ಆದ್ರೆ ತಲೇಲಿ ಬರೀ ಹೊಟ್ಟು. ಅವನಿಗೊಂದು ಫೋನ್ ಬಂತು..." ಆಮೇಲೆ ಫೋನಿನ ಆ ಅಧಿಕಾರಿಯ ದನಿಯ ಅಣಕ. ಮೂಗಿನಿಂದ ಎಳೆದ ಮಾತು, 'ಕ್ರಮ' ಎನ್ನುವ ಮುಂಚೆ ಒಂದು ಒಣ ಕೆಮ್ಮು. ಗಿರಾಕಿ ಹೊಟ್ಟೆ ಹಿಡಿದು ನಗುತ್ತಿದ್ದ.

ಅವತ್ತು ಊಟಕ್ಕೆ ಕೂತಾಗ ಅವಳು ಕೇಳಿದಳು, "ನನ್ನ ಬಾಯಿ ಮುಚ್ಚಿಸಿ ನೀವೇ ಹೀಗೆ ತಮಟೆ ಹೊಡೀತೀರಲ್ಲ?"

"ಹೇಳ್ದೇ ಇದ್ರೆ ನಾಳೆ ಅವರಿಗೂ ಆಗತ್ತೆ. ನಂದೇ ಅಂತ ಹೇಳೋಕೆ ಧೈರ್ಯ ಇಲ್ಲ. ಅದಕ್ಕೇ ಒಬ್ಬನ್ನ ಹುಟ್ಟಿಸ್ದೆ," ಎಂದ ಹೂಗೈಯಣ್ಣ, ತಟ್ಟೆಯಿಂದ ತಲೆಯೆತ್ತದೆ.

*

"ನಮ್ಮಣ್ಣ ಕತೆ ಹೇಳೋದು ಕೇಳ್ಬೇಕಿತ್ತು ನೀವು," ಎಂದು ಡ್ರೈವರು ತಂಗಿಯ ಕಡೆ ತಿರುಗಿದ. "ಆ ಫೋನಿನ ಕತೆ. ಒಬ್ಬ ದರ್ಜಿ ಇದ್ದನಂತೆ, ಅವನಿಗೆ ತೆರಿಗೆ ಆಫೀಸಿಂದ..."

"ದರ್ಜೀನಾ?" ದರ್ಜಿ ನೆಟ್ಟಗೆ ನಿಂತ. "ನನ್ನ ಹತ್ರ ಬಡಗಿ ಅಂದಿದ್ದ."

"ನನಗೆ ಗಡಿಯಾರ ರಿಪೇರಿಯವನು ಅಂತ ಹೇಳಿದ್ದು," ಎಂದ ಎದುರಂಗಡಿಯವನು, ನೊರೆಯನ್ನು ಬಟ್ಟೆಗೆ ಒರೆಸುತ್ತ.

"ನನಗೆ ಅಡುಗೆಯವನು ಅಂತ," ಎಂದರು ಮೇಷ್ಟ್ರು ಮೆಲ್ಲಗೆ.

ತಂಗಿಗೆ ಇದು ಹಬ್ಬವಾಯಿತು. "ಅಲ್ಲ, ಒಂದೇ ಕತೆಗೆ ನಾಲ್ಕು ಜನ ಪೆದ್ದರಾ? ನಿಜವಾಗ್ಲೂ ಆ ಪುಣ್ಯಾತ್ಮ ಯಾರು? ಅಕ್ಕ, ನಿಂಗೆ ಗೊತ್ತಿರ್ಲೇಬೇಕಲ್ಲ."

ಅತ್ತಿಗೆ ಗಂಡನ ಮುಖ ನೋಡಿದಳು. ಎಡಗೆನ್ನೆ ನುಣುಪಾಗಿ ಹೊಳೆಯುತ್ತಿತ್ತು. ಬಲಗೆನ್ನೆಯ ಮೇಲೆ ನೊರೆ ಕೂತಿತ್ತು.

"ನನಗೇನು ಗೊತ್ತು. ಯಾವುದೋ ಊರಿನವನಂತೆ," ಎಂದಳು.

"ಹೌದೌದು, ಯಾವುದೋ ಊರಿನವನು," ಎಂದ ಡ್ರೈವರು.

"ದೂರದೂರು," ಎಂದ ದರ್ಜಿ.

"ಬಹಳ ದೂರ," ಎಂದರು ಮೇಷ್ಟ್ರು. ಎದುರಂಗಡಿಯವನೂ ತಲೆಯಾಡಿಸಿದ.

ನಾಲ್ವರೂ ಹೀಗೆ ಓಡೋಡಿ ಬಂದು ಅವಳ ಮಾತಿಗೆ ಹೆಗಲು ಕೊಟ್ಟದ್ದು ನೋಡಿಯೇ ಅತ್ತಿಗೆಗೆ ಹೊಳೆಯಿತು. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ತಂಗಿ ಕೂಡ ಏನೋ ಅರ್ಥವಾಗಿ ಬಾಯಿ ಮುಚ್ಚಿಕೊಂಡಳು.

"ಯಾವಾಗಿಂದ ಗೊತ್ತು ನಿಮಗೆ?" ಎಂದು ಕೇಳಿದಳು.

ಎದುರಂಗಡಿಯವನೇ ಬಾಯಿಬಿಟ್ಟ.

"ಮೊದಲನೇ ಸಲ ಕೇಳಿದಾಗ್ಲೇ, ಅತ್ತಿಗೆ. ಇವನು ಮಾತಾಡ್ತಾ ಮಾತಾಡ್ತಾ ಕತ್ತಿ ಓಡಿಸ್ತಿದ್ದ, ನಗಿಸ್ತಾ ಓಡಿಸ್ತಿದ್ದ, ಒಂದ್ಸಲ ಭೂಮಿ ನಡುಗಿದಾಗ್ಲೂ ಇವನ ಕೈ ನಿಂತಿಲ್ಲ. ಆದ್ರೆ ಆ ಕತೇಲಿ ಒಂದು ಜಾಗ ಬರತ್ತೆ. ಪೆದ್ದ ಕನ್ನಡಕ ಹುಡುಕಿ ನಂಬರ್ ಓದ್ತಾನಲ್ಲ, ಅಲ್ಲಿ. ಅಲ್ಲಿಗೆ ಬಂದ್ರೆ ಕತ್ತೀನ ಕೆನ್ನೆಯಿಂದ ಎತ್ತಿ ಗಾಳೀಲಿ ಹಿಡ್ಕೊಂಡು ನಿಂತ್ಬಿಡ್ತಿದ್ದ. ಆ ಮಾತು ಮುಗಿದ ಮೇಲೇನೇ ಇಳಿಸ್ತಿದ್ದದ್ದು. ನಮ್ಮ ಕಸುಬಿನವನು ಕತ್ತಿ ಎತ್ತಿ ಹಿಡೀತಾನೆ ಅಂದ್ರೆ ಒಂದೇ ಅರ್ಥ. ತನ್ನ ಕೈ ಮೇಲೆ ತನಗೇ ನಂಬಿಕೆ ಇಲ್ಲ ಅಂತ."

"ನಾನು ಕನ್ನಡೀಲಿ ನೋಡಿದೀನಿ," ಎಂದ ದರ್ಜಿ. "ಕೈ ಸಣ್ಣಗೆ ನಡುಗ್ತಿತ್ತು. ನೋಡಿ ಕಣ್ಮುಚ್ಕೊಂಡೆ."

ಅತ್ತಿಗೆ ಆ ಕುರ್ಚಿಯಲ್ಲಿ ಎಂದೂ ಕೂತವಳಲ್ಲ. ಪರದೆಯ ಈಚೆಯಿಂದ ಅವಳಿಗೆ ಬರೀ ದನಿ ಕೇಳುತ್ತಿತ್ತು. ಕತೆಯ ನಡುವೆ ಬರುವ ಆ ಸಣ್ಣ ಮೌನವನ್ನು ಅವಳು ಉಸಿರು ತೆಗೆದುಕೊಳ್ಳುವುದು ಎಂದುಕೊಂಡಿದ್ದಳು.

"ಗೊತ್ತಿದ್ದೂ ಬರ್ತಿದ್ರಾ?"

"ಎಲ್ಲಿಗೆ ಹೋಗೋದು ಅತ್ತಿಗೆ? ಇವನ ಅಂಗಡಿಗಾ?" ಎಂದು ಡ್ರೈವರು ಎದುರಂಗಡಿಯವನ ಕಡೆ ಗಲ್ಲ ತೋರಿಸಿದ. ಆಮೇಲೆ ದನಿ ತಗ್ಗಿಸಿದ. "ಹೋದ ವರ್ಷ ನನಗೂ ಬಂತು ಆ ಫೋನ್. ಗಾಡಿ ನಿಲ್ಸಿ ಬೆವರ್ತಾ ಕೂತಿದ್ದೆ. ಆ ಕಡೆಯಿಂದ ಒಂದು ಕೆಮ್ಮು ಬಂತು ನೋಡಿ. ಅಯ್ಯೋ, ಇದು ನಮ್ಮಣ್ಣನ ಕೆಮ್ಮು ಅಂತ ಇಟ್ಬಿಟ್ಟೆ. ಬಂದು ಅಣ್ಣನಿಗೆ ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆರೆದೆ. ಹೇಳಿದ್ರೆ ಅವರಿಗೆ ನೋವಾಗತ್ತೇನೋ ಅಂತ ಹಾಗೇ ಕಟಿಂಗ್ ಮಾಡಿಸ್ಕೊಂಡು ಹೋದೆ."

ಅತ್ತಿಗೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹೇಳಬೇಕಿತ್ತು ಎನ್ನಲು ಹೊರಟವಳು ಅನ್ನಲಿಲ್ಲ. ಅವಳೂ ಹೇಳದೇ ಉಳಿದವಳೇ.

ಆಗ ಗೋಡೆಯ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಯಾರೋ ದೂರದವರು ವಿಚಾರಿಸ್ತಿರ್ಬೇಕು," ಎಂದು ತಂಗಿ ತಂದುಕೊಟ್ಟಳು. ಅತ್ತಿಗೆ ಒದ್ದೆ ಕೈ ಒರೆಸಿಕೊಂಡು ಕಿವಿಗಿಟ್ಟಳು.

ಮೂಗಿನಿಂದ ಎಳೆದ ದನಿ. ತೆರಿಗೆ ಇಲಾಖೆ. ಒಮ್ಮೆ ಕೊಟ್ಟವನನ್ನು ಅವರು ಬಿಡುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಕರೆ ಬರುತ್ತಿತ್ತು, ಹೂಗೈಯಣ್ಣ ದನಿ ಕೇಳಿದ ಕೂಡಲೇ ಕೆಂಡ ಮುಟ್ಟಿದವನಂತೆ ಕತ್ತರಿಸಿಬಿಡುತ್ತಿದ್ದ. ಅತ್ತಿಗೆಯೂ ಹಾಗೇ ಮಾಡಲು ಹೊರಟವಳು, ಏನೆನ್ನಿಸಿತೋ, ಸ್ಪೀಕರ್ ಒತ್ತಿ ಫೋನನ್ನು ಖಾಲಿ ಕುರ್ಚಿಯ ಮೇಲಿಟ್ಟಳು.

"...ಫೋನ್ ಇಡಬೇಡಿ. ಪಕ್ಕದಲ್ಲಿರೋರಿಗೆ ಹೇಳಬೇಡಿ. ನಿಮ್ಮ ಯಜಮಾನರ ಮೇಲೆ ಇಲಾಖೆ..."

"ಈಗ ಕೆಮ್ತಾನೆ," ಎಂದ ದರ್ಜಿ ಪಿಸುಮಾತಿನಲ್ಲಿ.

ಕುರ್ಚಿಯಿಂದ ಒಣ ಕೆಮ್ಮು ಬಂತು. "...ಕ್ರಮ ತಗೊಳ್ಳತ್ತೆ."

ಥೇಟ್ ಅದೇ. ಹೂಗೈಯಣ್ಣ ಒಂದು ಎಳೆಯನ್ನೂ ಬಿಟ್ಟಿರಲಿಲ್ಲ. ಬೆಂಚಿನ ಮೇಲೆ ಮಲಗಿದವನೇ ಕುರ್ಚಿಯ ಹಿಂದೆ ನಿಂತು ಆಡಿದ ಹಾಗಿತ್ತು. ಡ್ರೈವರನ ನಗು ತಡೆಯದೆ ಹೊರಬಿತ್ತು, ಅದರ ಹಿಂದೆ ದರ್ಜಿಯದು, ಆಮೇಲೆ ಬಾಗಿಲಲ್ಲಿ ನಿಂತವರದು. ತಂಗಿ ನಗುತ್ತಲೇ ಅಳತೊಡಗಿದಳು.

"ಯಾರದು? ಯಾರಿದ್ದಾರೆ ಪಕ್ಕದಲ್ಲಿ?" ಎಂದಿತು ಫೋನು.

ಅತ್ತಿಗೆ ಕುರ್ಚಿಯ ಕಡೆ ಬಾಗಿದಳು.

"ಎಲ್ಲರೂ ಇದಾರಪ್ಪ," ಎಂದಳು. "ಇಡೀ ಬೀದೀನೇ ಇದೆ."

ಫೋನು ಕಟ್ಟಾಯಿತು.

ನಗು ನಿಧಾನಕ್ಕೆ ಇಳಿಯಿತು. ಎದುರಂಗಡಿಯವನು ಇಷ್ಟು ಹೊತ್ತೂ ಕತ್ತಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದೇ ನಿಂತಿದ್ದ. ಬಲಗೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಮೇಷ್ಟ್ರು ಎದ್ದು, ಯಾರನ್ನೂ ಕೇಳದೆ, ಬಟ್ಟಲಿಗೆ ಬಿಸಿನೀರು ಹಾಕಿಕೊಂಡು ಬಂದರು. ಬ್ರಶ್ಶು ಅದ್ದಿ, ಅಭ್ಯಾಸವಿಲ್ಲದ ಕೈಯಲ್ಲಿ ಹೊಸ ನೊರೆ ಎಬ್ಬಿಸಿ, ಸ್ನೇಹಿತನ ಕೆನ್ನೆಗೆ ಕಿವಿಯ ತನಕ ಹಚ್ಚಿದರು. ಸ್ವಲ್ಪ ಮೂಗಿಗೂ ತಾಗಿತು.

ಅತ್ತಿಗೆ ಮೂಗಿನ ನೊರೆಯನ್ನು ಸೆರಗಿನಿಂದ ಒರೆಸಿ, ಗಲ್ಲದ ಕೆಳಗೆ ಮತ್ತೆ ಎರಡು ಬೆರಳು ಕೊಟ್ಟಳು. ಇನ್ನೊಂದು ಕೈಯನ್ನು ಎದುರಂಗಡಿಯವನ ನಡುಗುವ ಮಣಿಕಟ್ಟಿನ ಕೆಳಗೆ ಹಿಡಿದಳು. ಕತ್ತಿ ಮೆಲ್ಲನೆ ಇಳಿಯಿತು. ಕಿವಿಯಿಂದ ಗಲ್ಲದವರೆಗೆ, ಎಲ್ಲೂ ನಿಲ್ಲದೆ, ಒಂದೇ ಎಳೆತಕ್ಕೆ.