ಬಾಗಿಲು ತೆಗೆಯಲಾಗದ ಮಧ್ಯಾಹ್ನ

ನಾನು ಒಂದು ನೆಟ್‌ವರ್ಕ್ ಮಾಡ್ಯೂಲ್. ಹೆಸರು ಕೇಳಿ ದೊಡ್ಡ ಕುಳ ಅಂದುಕೊಳ್ಳಬೇಡಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವನು, ಅಷ್ಟೇ. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿದೆ. ಹಸಿರು ಹಲಗೆಯ ಮೇಲೆ ಚಿಪ್‌ಗಳನ್ನು ಬೆಸೆದು, ಬಿಳಿ ಡಬ್ಬಿಯೊಳಗೆ ಕೂರಿಸಿ, ಒಳಗೆ ಕಾವು ಏರದಿರಲೆಂದು ನೆತ್ತಿಯ ಮೇಲೆ ಸಣ್ಣ ಸೀಳುಗಳನ್ನು ಬಿಟ್ಟರು.

ನನ್ನನ್ನು ಕೊಂಡು ತಂದವನು ರಾಣೆಬೆನ್ನೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ವಿರೂಪಾಕ್ಷಪ್ಪ. ತಂಗಿ ಸುಮಂಗಲಾ ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದಳು. ಕತ್ತಿನ ಕೆಳಗೆ ಒಂದು ಬೆರಳೂ ಅಲುಗುತ್ತಿರಲಿಲ್ಲ. ನಾಲಿಗೆ ಮಾತ್ರ ಭಲೇ ಚುರುಕು! ಅವಳ ಮಾತನ್ನು ಫ್ಯಾನಿಗೆ, ದೀಪಕ್ಕೆ, ಮುಂಬಾಗಿಲಿನ ಬೀಗಕ್ಕೆ ಮುಟ್ಟಿಸುವುದೇ ನನ್ನ ಕೆಲಸ.

ಮೊದಲ ದಿನ ಅವಳು ಅಳುಕುತ್ತಲೇ "ಬಾಗಿಲಾ ತಗಿ" ಅಂದಳು. ಬಾಗಿಲು ತೆರೆಯಿತು. ಮಲಗಿದಲ್ಲೇ ಗಳಗಳನೆ ಅತ್ತುಬಿಟ್ಟಳು.

"ಅಣ್ಣಾ, ಇನ್ನ ನೀ ಬೇಫಿಕರ್ ಗಿರಣಿಗೆ ಹೋಗು. ನನ್ನ ಮನಿ ನಾ ನೋಡ್ಕೋತೀನಿ."

ಅಲ್ಲಿಯವರೆಗೆ ಅವನು ಗಿರಣಿಗೆ ಹೋದರೂ ಜೀವ ಮನೆಯಲ್ಲೇ ಇರುತ್ತಿತ್ತು. ನಾನು ಬಂದ ಮೇಲೆ ನೆಮ್ಮದಿಯಿಂದ ಹೋಗತೊಡಗಿದ. ಪಕ್ಕದ ಮನೆಯ ಶಂಕ್ರವ್ವ ಹೊರಗಿನಿಂದ ಕೂಗಿದರೆ ಸುಮಂಗಲಾ ಯಜಮಾನತಿಯ ಠೀವಿಯಿಂದ ಬಾಗಿಲು ತೆಗೆಸುತ್ತಿದ್ದಳು. ನನಗೂ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಆಯುಧ ಪೂಜೆ ಬಂತು. ಮಧ್ಯಾಹ್ನ ಗಿರಣಿಯ ಪೂಜೆಗೆ ಹೊರಟಿದ್ದ ವಿರೂಪಾಕ್ಷಪ್ಪ, ಕಿಟಕಿಯ ಪಕ್ಕ ಗೋಡೆಗೆ ತಗುಲಿಸಿದ್ದ ನನ್ನ ಮುಂದೆ ನಿಂತ.

"ನಮ್ಮ ತಂಗೀ ಕೈಕಾಲು ಅಂದ್ರ ಇದ. ಇದಕ್ಕ ಪೂಜಿ ಬ್ಯಾಡಾ?"

ನನಗೆ ವಿಭೂತಿ ಬಳಿದ, ಕುಂಕುಮ ಹಚ್ಚಿದ, ಚೆಂಡು ಹೂವಿನ ಮಾಲೆ ಹಾಕಿದ. ತಂಬಿಗೆಯಲ್ಲಿ ಹೂ ಅದ್ದಿ ನೆತ್ತಿಯ ಮೇಲೆ ನೀರು ಚಿಮುಕಿಸಿದ. ಕೆಳಗೆ ಸ್ಟೂಲಿನ ಮೇಲೆ ಎಣ್ಣೆ ದೀಪ ಹಚ್ಚಿಟ್ಟ.

"ಸಾಕು ಬಿಡಣ್ಣಾ, ಅದಕ್ಕ ನೆಗಡಿ ಆದೀತು!" ಸುಮಂಗಲಾ ನಕ್ಕಳು.

ಅವನೂ ನಗುತ್ತಾ ಹೊರಟ. ಬಾಗಿಲು ಮುಚ್ಚಿ ಬೀಗ ತಾನೇ ಬಿತ್ತು. ಅಷ್ಟರಲ್ಲಿ ಕುಂಕುಮದ ನೀರು ಸೀಳುಗಳಿಂದ ನನ್ನೊಳಗೆ ಇಳಿದಿತ್ತು. ಮೈಯೆಲ್ಲ ಚಿರ್ ಎಂದಿತು. ಸುಮಂಗಲಾ ಫ್ಯಾನ್ ಜೋರು ಮಾಡೆಂದಳು. ಅವಳ ಮಾತು ನನ್ನವರೆಗೆ ಬಂತು, ಮುಂದಕ್ಕೆ ಹೋಗಲಿಲ್ಲ.

ಆಗಲೇ ಕಿಟಕಿಯ ಪರದೆ ಗಾಳಿಗೆ ಹಾರಿ ದೀಪದ ಮೇಲೆ ಬಿತ್ತು.

ಅಯ್ಯೋ, ಆ ಹೊತ್ತನ್ನು ಹೇಗೆ ಹೇಳಲಿ! ಬೆಂಕಿ ನನ್ನ ಕಣ್ಣೆದುರೇ ಪರದೆಯನ್ನು ಹತ್ತುತ್ತಿತ್ತು. ಅವಳು ಹಾಸಿಗೆಯಲ್ಲಿ ಕುತ್ತಿಗೆಯನ್ನಷ್ಟೇ ಹೊರಳಿಸಿ ನೋಡಿದಳು.

"ಬಾಗಿಲಾ ತಗಿ! ಬಾಗಿಲಾ ತಗಿ! ನಿನ್ನ ಕಾಲಿಗಿ ಬೀಳ್ತೀನೋ, ತಗಿಯೋ!"

ನನಗೆ ಎಲ್ಲಿಯ ಕಾಲು? ನನ್ನಲ್ಲಿದ್ದ ಜೀವವನ್ನೆಲ್ಲ ಒಟ್ಟುಮಾಡಿ ಬೀಗವನ್ನು ಕರೆದೆ. ಮತ್ತೆ ಕರೆದೆ. ಅದು ಕಲ್ಲಿನ ಹಾಗೆ ಕೂತಿತ್ತು. ದಿಂಬಿನ ಬಳಿಯಿದ್ದ ಫೋನಿಗೆ ನನ್ನ ಹಂಗಿರಲಿಲ್ಲ, ಅವಳ ಮಾತಿಗೆ ಅದು ಅಣ್ಣನಿಗೆ ಕರೆ ಹಚ್ಚಿತು. ಗಂಟೆ ಹೊಡೆದು ಹೊಡೆದು ನಿಂತಿತು. ಅವನು ಅಂಗಿ ಕಳಚಿ ಗೂಟಕ್ಕೆ ಹಾಕಿ ಪೂಜೆಗೆ ಕೂತಿದ್ದನೆಂದೂ, ಫೋನು ಆ ಅಂಗಿಯ ಜೇಬಿನಲ್ಲಿತ್ತೆಂದೂ, ಸುತ್ತ ಪಟಾಕಿಯ ಸದ್ದಿತ್ತೆಂದೂ ಆಮೇಲೆ ತಿಳಿಯಿತು. ಹೊಗೆ ಹಾಸಿಗೆಯವರೆಗೆ ಬಂತು. ಅವಳ ಕೂಗು ಕೆಮ್ಮಾಯಿತು.

ಹೊರಗೆ ಶಂಕ್ರವ್ವನ ದನಿ. "ಸುಮಂಗಲಾ, ಹೋಳಿಗಿ ತಂದೀನಿ. ಬಾಗಿಲಾ ತಗಿಯವ್ವಾ."

"ತಗಿಯಾಕ ಬರವಲ್ದು ಯಕ್ಕಾ! ಬೆಂಕಿ... ಬೆಂಕಿ ಹತ್ತೇತಿ!"

ತಟ್ಟೆ ಬಿದ್ದ ಸದ್ದಾಯಿತು. ಶಂಕ್ರವ್ವ ಓಣಿಯೆಲ್ಲ ಅದುರುವ ಹಾಗೆ ಬೊಬ್ಬೆ ಹಾಕಿದಳು. ಯಾರೋ ಹಾರೆ ತಂದು ಬಾಗಿಲನ್ನು ಮೀಟಿ ಮುರಿದರು. ಸುಮಂಗಲೆಯನ್ನು ಕಂಬಳಿ ಸಮೇತ ಎತ್ತಿಕೊಂಡು ಓಡುವಾಗ ಅವಳ ತಲೆ ಜೋತಾಡುತ್ತಿತ್ತು. ಸತ್ತೇ ಹೋದಳೆಂದು ನಾನು ತಿಳಿದೆ. ಅಷ್ಟರಲ್ಲಿ ನನ್ನ ಒಂದು ಮಗ್ಗುಲೂ ಕರಗಿತ್ತು.

ಅವಳು ಬದುಕಿದಳು. ರಿಪೇರಿಯವನು ನನ್ನನ್ನು ಬಿಚ್ಚಿದಾಗ ಒಳಗೆ ಕುಂಕುಮದ ಕೆಂಪು ರಾಡಿ ಕಂಡಿತು. ವಿರೂಪಾಕ್ಷಪ್ಪ ನೆಲಕ್ಕೆ ಕುಸಿದು ಕೂತ.

"ನನ್ನ ಕೈಯಾರೆ ಸುಡ್ತಿದ್ನಲ್ಲೋ ತಂಗೀನ!"

ಗೋಡೆಗೆ ಹೊಸ ಮಾಡ್ಯೂಲ್ ಬಂತು, ಹೊಸ ಬಾಗಿಲು ಬಂತು, ಬೀಗಕ್ಕೊಂದು ಕೀಲಿ ಶಂಕ್ರವ್ವನ ಸೆರಗು ಸೇರಿತು. ನನ್ನನ್ನು ಎಸೆಯಲು ಯಾರಿಗೂ ಮನಸ್ಸಾಗಲಿಲ್ಲ, ಗೋಡೆಯ ಗೂಡಿನಲ್ಲಿಟ್ಟರು. ವಿರೂಪಾಕ್ಷಪ್ಪ ಮಾತ್ರ ಗಿರಣಿಯ ಕಡೆ ತಲೆಹಾಕಲಿಲ್ಲ. ತಂಗಿಯ ಮಂಚದ ಬಳಿಯೇ ಕೂತ. ಅವಳು ಬಾಯಿ ತೆರೆಯುವ ಮೊದಲೇ ತಾನೇ ಎದ್ದು ದೀಪ ಹಾಕುವನು, ಬಾಗಿಲು ತೆಗೆಯುವನು. ಸುಮಂಗಲಾ ದಿನದಿನಕ್ಕೆ ಮೂಕಿಯಾದಳು. ಬೆಂಕಿಯಲ್ಲಿ ಉಳಿದವಳು ಅಣ್ಣನ ಕಾವಲಿನಲ್ಲಿ ಸಾಯುತ್ತಿದ್ದಾಳೆ ಅನಿಸಿ ನನಗೆ ಸಂಕಟವಾಗುತ್ತಿತ್ತು.

ಒಂದು ಮುಂಜಾನೆ ಅವಳು ಸಿಡಿದಳು. "ಹೊರಗ ಹೋಗಣ್ಣಾ."

"ಯಾಕವ್ವಾ? ಏನಾತು?"

"ಹೋಗಂದ್ರ ಹೋಗು!"

ಅವನು ಹಿಂದೆ ಹಿಂದೆ ನೋಡುತ್ತಾ ಹೊರಗೆ ಹೋದ. ಅವಳು ಬಾಗಿಲು ಹಾಕಿಸಿದಳು. ಬೀಗ ಬಿತ್ತು. ಅವಳು ಬಾಗಿಲನ್ನೇ ನೋಡುತ್ತಾ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಹೇಳವ್ವಾ, ಹೇಳು ಅಂತ ನಾನು ಗೂಡಿನಲ್ಲಿ ಒದ್ದಾಡಿದೆ.

"ಬಾಗಿಲಾ... ತಗಿ."

ಬಾಗಿಲು ತೆರೆಯಿತು. ಹೊಸ್ತಿಲಾಚೆ ವಿರೂಪಾಕ್ಷಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದ.

"ನೋಡಿದ್ಯಾ?" ಅವಳ ದನಿ ಇನ್ನೂ ನಡುಗುತ್ತಿತ್ತು. "ಇನ್ನ ನಡಿ ಗಿರಣಿಗೆ. ನನಗೂ ಅಂಜಿಕಿ ಐತಿ. ಆದ್ರೂ ನೀ ಹೋಗು."

ಅವನು ಕಣ್ಣೊರೆಸಿಕೊಂಡು ಹೋದ. ನನ್ನಿಂದ ಆಗದ್ದನ್ನು ಗೋಡೆಯ ಮೇಲಿನ ಆ ಹೊಸಬ ಮಾಡಿದ್ದ. ಹೊಟ್ಟೆಕಿಚ್ಚು ಪಡಬೇಕಿತ್ತು, ಪಡಲಿಲ್ಲ. ಸುಮಂಗಲಾ ಒಬ್ಬಳೇ ಮನೆಯಲ್ಲಿ ಮಲಗಿ, ಹೆದರುತ್ತಲೇ, ಬಾಗಿಲು ಮುಚ್ಚಿಸಿದಳು.