ಭಾವನ ಸಲೂನ್, ಬಾಮೈದನ ವಿಮಾನ

ಊರಿನವರು ಅವನಿಗೆ ಹೂಂಕಾರಪ್ಪ ಎಂದು ಹೆಸರಿಟ್ಟಿದ್ದರು. ಹೂಂಕರಿಸುವಂಥ ಸಿಟ್ಟು ಅವನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಸಲೂನಿಗೆ ಬಂದವರು ಏನು ಹೇಳಿದರೂ ‘ಹೂಂ’ ಎನ್ನುತ್ತಿದ್ದ, ಅದರಿಂದ ಅಂಟಿದ ಹೆಸರು ಅದು. ಕತ್ತಿನ ಮೇಲೆ ಕತ್ತಿ ಆಡಿಸುವವನು ವಾದಕ್ಕಿಳಿಯಬಾರದು ಎಂದು ಕಸುಬು ಕಲಿಸಿದ ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಹೇಳಿದ್ದು ಸಲೂನಿನ ಮಟ್ಟಿಗೆ. ಮಗ ಅದನ್ನು ಮನೆಗೂ ಬೀದಿಗೂ ಹಬ್ಬಿಸಿಕೊಂಡ. ಗೋಡೆಗೆ ಹಸಿರು ಬಳಿಸೋಣ್ವಾ ಎಂದು ಹೆಂಡತಿ ಕೇಳಿದರೂ ಹೂಂ, ಮರುದಿನ ಹಳದಿಯೇ ಚೆಂದ ಅಲ್ವಾ ಎಂದರೂ ಹೂಂ. ಕೊನೆಗೆ ಅವಳೇ ಸೋತು ಬಿಳಿ ಬಳಿಸಿದ್ದಳು.

ಇಂಥವನ ಬುಡಕ್ಕೇ ಬಂದು ಕೂತಿತು ಆ ಸ್ಕೈಡೈವಿಂಗ್ ಸೆಂಟರಿನ ಜಗಳ.

ಊರ ಹೊರಗೆ ಯಾವ ಕಾಲದಲ್ಲೋ ಕಟ್ಟಿ ಕೈಬಿಟ್ಟ ಒಂದು ರನ್‌ವೇ ಇತ್ತು. ಕಾರು ಕಲಿಯುವವರು, ಸಂಜೆ ಕಾಲಾಡಿಸುವವರು, ಮನೆಯಲ್ಲಿ ಬಾಯಿ ಬಿಡಲಾಗದೆ ಅಲ್ಲಿಗೆ ಬಂದು ಜಗಳವಾಡುವ ಗಂಡಹೆಂಡಿರು, ಇವರು ಬಿಟ್ಟರೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಹೂಂಕಾರಪ್ಪನ ಹೆಂಡತಿಯ ತಮ್ಮ ಸೈನ್ಯದಲ್ಲಿ ವಿಮಾನದಿಂದ ಜಿಗಿಯುವ ಪಡೆಯಲ್ಲಿದ್ದವನು. ನಿವೃತ್ತನಾಗಿ ಬಂದು ಒಂದೆರಡು ಕಡೆ ಕಾವಲಿನ ಕೆಲಸಕ್ಕೆ ಸೇರಿ, ಎಲ್ಲೂ ಕಾಲು ನಿಲ್ಲದೆ, ಕೊನೆಗೆ ಜನರನ್ನು ವಿಮಾನದಿಂದ ಪ್ಯಾರಾಶೂಟಿನಲ್ಲಿ ಜಿಗಿಸುವ ಸೆಂಟರ್ ತೆರೆಯಲೆಂದು ಈ ರನ್‌ವೇಯನ್ನು ಬಾಡಿಗೆಗೆ ಹಿಡಿದ. ದುಡ್ಡು ಹಾಕುವ ಪಾಲುದಾರರೂ ಸಿಕ್ಕಿದರು, ಚಿಕ್ಕ ವಿಮಾನವೂ ಬಂತು, ಅದನ್ನು ಓಡಿಸಲು ಪೈಲಟ್ ಒಬ್ಬನೂ ಬಂದ. ಪುರಸಭೆಯ ಒಪ್ಪಿಗೆಯೊಂದು ಬಾಕಿ.

ರನ್‌ವೇಯ ಒಂದು ತುದಿಗೆ, ಬೇಲಿಯಾಚೆ, ಕೋಳಿಫಾರಂ ಇತ್ತು. ಅದರ ಯಜಮಾನ ಹೂಂಕಾರಪ್ಪನ ಚಡ್ಡಿ ದೋಸ್ತ್. ಒಂದೇ ಬೆಂಚಿನಲ್ಲಿ ಕೂತು ಒಂದೇ ಮೇಷ್ಟರ ಕೈಲಿ ಕಿವಿ ಹಿಂಡಿಸಿಕೊಂಡವರು.

“ನೆತ್ತಿ ಮೇಲೆ ವಿಮಾನ ಗುರ್ ಅಂದ್ರೆ ನನ್ನ ಕೋಳಿಗಳು ಮೊಟ್ಟೆ ಇಡ್ತಾವೇನೋ? ಎದೆ ಒಡ್ಕೊಂಡು ಸಾಯ್ತವೆ,” ಎಂದು ಗೆಳೆಯ ಕುರ್ಚಿಯಲ್ಲಿ ಕೂತು ಗೊಣಗಿದ. “ನೀನೇ ಹೇಳು, ನ್ಯಾಯನಾ ಇದು?”

“ಹೂಂ,” ಎಂದ ಹೂಂಕಾರಪ್ಪ, ಅವನ ಕಿವಿಯ ಹಿಂದೆ ಕತ್ತರಿ ಆಡಿಸುತ್ತಾ.

ಅದೇ ಕುರ್ಚಿಯಲ್ಲಿ ಬಾಮೈದನೂ ಕೂತ. “ಭಾವ, ಊರಿಗೆ ನಾಲ್ಕು ಜನ ಬಂದು ಹೋದ್ರೆ ಎಲ್ಲರಿಗೂ ಒಳ್ಳೇದು ತಾನೆ? ನಿಮ್ಮ ಗೆಳೆಯ ಸುಮ್ನೆ ತಕರಾರು ತೆಗೀತಿದಾರೆ.”

“ಹೂಂ.”

ಹೀಗೆ ಆ ಸಲೂನಿನಲ್ಲಿ ಇಡೀ ಊರು ಬಂದು ಹೋಯಿತು. ಲಾಡ್ಜಿನವನು ಸೆಂಟರ್ ಬರಲೇಬೇಕು ಎಂದ, ಆಸ್ಪತ್ರೆಯ ಕಾಂಪೌಂಡರ್ ಯಾರಾದರೂ ಚಾವಣಿ ಮೇಲೆ ಬಿದ್ದರೆ ಗತಿಯೇನು ಎಂದ. ಎಲ್ಲರೂ ಹಗುರಾದ ತಲೆಯೊಂದಿಗೆ, ಒಬ್ಬ ನಮ್ಮ ಕಡೆಗೆ ಸಿಕ್ಕ ಎಂಬ ಸಮಾಧಾನದೊಂದಿಗೆ ಎದ್ದು ಹೋದರು.

ಪುರಸಭೆಯಲ್ಲಿ ಸಭೆ ಕರೆದರು. ಸಭಾಂಗಣದಲ್ಲಿ ಕುರ್ಚಿ ಸಾಲದೆ ಕಿಟಕಿಯ ಕಟ್ಟೆಗಳ ಮೇಲೂ ಜನ. ನೆಗಡಿಯಿಂದ ಮೂಗು ಕೆಂಪಾಗಿದ್ದ ಅಧ್ಯಕ್ಷೆ ಮೇಜು ಕುಟ್ಟಿ ಕುಟ್ಟಿ ಸುಸ್ತಾದರು. ಬಾಮೈದ ಎದ್ದು ನಿಂತು, “ನಮ್ಮ ಸಂಬಂಧಿ ಅಂತ ಹೇಳ್ತಿಲ್ಲ, ಸಲೂನಿನ ನಮ್ಮ ಭಾವನೇ ಇದನ್ನ ಒಪ್ಪಿದಾರೆ. ಅವರಿಗಿಂತ ಊರಿನ ನಾಡಿ ಗೊತ್ತಿರೋರು ಯಾರಿದಾರೆ?” ಎಂದ.

ಗೆಳೆಯ ಕೂತಲ್ಲಿಂದ ಚಿಮ್ಮಿದ. “ಏನಂದೆ? ಅವನು ನನ್ನ ಕಡೆ! ಮೊನ್ನೆ ತಾನೇ ನ್ಯಾಯ ಅಲ್ಲ ಅಂತ ಒಪ್ಕೊಂಡ!”

ಸಭೆಯ ಕಣ್ಣೆಲ್ಲ ಹಿಂದಿನ ಸಾಲಿಗೆ ತಿರುಗಿತು. ಹೂಂಕಾರಪ್ಪ ಹೆಂಡತಿಯ ಪಕ್ಕದಲ್ಲಿ ಕುಗ್ಗಿ ಕೂತಿದ್ದ. ಯಾರೋ ರಟ್ಟೆ ಹಿಡಿದು ಎಬ್ಬಿಸಿದರು.

“ನೀವು ಇವರ ಕಡೆನೋ, ಅವರ ಕಡೆನೋ?” ಎಂದು ಅಧ್ಯಕ್ಷೆ ಕೇಳಿದರು.

ಅವನ ತುಟಿ ತೆರೆಯಿತು. ಹೊರಬಿದ್ದದ್ದು ಒಂದೇ: “ಹೂಂ.”

ನಗುವಿಗೆ ಸಭಾಂಗಣ ಬಿದ್ದುಹೋಗುವುದೊಂದು ಬಾಕಿ. ಅಧ್ಯಕ್ಷೆ ಕೂಡ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಗೆಳೆಯ ನಗಲಿಲ್ಲ. ಹತ್ತಿರ ಬಂದು, “ಇಷ್ಟು ವರ್ಷ ಕೂದಲು ಕತ್ತರಿಸ್ತಿದೀಯ ಅಂದ್ಕೊಂಡಿದ್ದೆ. ನುಣ್ಣಗೆ ತಲೆ ಬೋಳಿಸಿದೀಯ ಕಣೋ,” ಎಂದು ಹೊರಟುಹೋದ. ಬಾಮೈದ ಇತ್ತ ನೋಡಲೇ ಇಲ್ಲ. ಸಭೆ ಮುಂದಕ್ಕೆ ಹೋಯಿತು. ಮುಂದಿನ ಸಭೆಗೆ ಮೊದಲು ಬಾಮೈದ ವಿಮಾನ ಹಾರಿಸಿ ತೋರಿಸಲಿ, ಶಬ್ದ ಎಷ್ಟೆಂದು ಊರೇ ಕೇಳಲಿ ಎಂದು ತೀರ್ಮಾನವಾಯಿತು.

ಮಾರನೆಯ ದಿನದಿಂದ ಸಲೂನಿನ ಕುರ್ಚಿಗಳು ಖಾಲಿ. ಬಂದವರೂ ಕನ್ನಡಿಯಲ್ಲಿ ಅವನನ್ನು ನೋಡಿ ಮೀಸೆಯಡಿಯಲ್ಲೇ ನಗುತ್ತಿದ್ದರು. ಗೆಳೆಯ ಗಡ್ಡ ಬಿಟ್ಟುಕೊಂಡು ರಸ್ತೆಯ ಆ ಬದಿಯಲ್ಲಿ ಹಾದುಹೋದ. ಬಾಮೈದ ತಾನೇ ಗಡ್ಡ ಕೆರೆದುಕೊಂಡು ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡಿದ್ದ. ಹೂಂಕಾರಪ್ಪನಿಗೆ ಊಟ ಸೇರುತ್ತಿರಲಿಲ್ಲ.

“ನಿನ್ನ ತಮ್ಮನ ಕಡೆ ಮಾತಾಡ್ಬೇಕಿತ್ತು ಅಂತ ತಾನೇ ನಿನಗೆ ಕೋಪ?” ಎಂದು ಒಂದು ಸಂಜೆ ಹೆಂಡತಿಯನ್ನು ಕೇಳಿದ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು.

“ನನ್ನ ತಮ್ಮ ಹಾಳಾಗಿ ಹೋಗ್ಲಿ. ತಮ್ಮ ಬೇಕಾ ಗೆಳೆಯ ಬೇಕಾ ಅಂತ ನಾನು ಕೇಳ್ತಿಲ್ಲ ರೀ. ನಿಮಗೇನನ್ನಿಸುತ್ತೆ ಅಂತ ಕೇಳ್ತಿದೀನಿ. ಮದುವೆ ಆದಾಗಿಂದ ಅದನ್ನೇ ಕೇಳ್ತಿದೀನಿ.” ಅವಳು ತಟ್ಟೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. “ನೀವು ಒಳ್ಳೆಯೋರು, ಅದು ಗೊತ್ತು. ಆದ್ರೆ ಈ ಮನೇಲಿ ನಾನೊಬ್ಳೇ ಮಾತಾಡಿ ಮಾತಾಡಿ ನನಗೆ ಸಾಕಾಗಿದೆ.”

ಇದಕ್ಕೆ ಹೂಂ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ತನಗೇನನ್ನಿಸುತ್ತದೆ ಎಂದು ತನ್ನನ್ನೇ ಕೇಳಿಕೊಂಡ. ಒಳಗಿನಿಂದ ಉತ್ತರವೇ ಬರಲಿಲ್ಲ. ಅವನಿಗೆ ನಿಜಕ್ಕೂ ದಿಗಿಲಾದದ್ದು ಆಗ.

ವಿಮಾನ ಹಾರಿಸಿ ತೋರಿಸುವ ದಿನ ಅವನು ಸಲೂನಿಗೆ ಬೀಗ ಹಾಕಿ ಕೋಳಿಫಾರಂಗೆ ನಡೆದ. ಗೆಳೆಯ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

“ಯಾಕೆ ಬಂದೆ?”

“ನೋಡೋಕೆ.”

“ನೋಡು, ಯಾರು ಬೇಡ ಅಂದ್ರು,” ಎಂದು ಗೆಳೆಯ ಬಾಗಿಲು ಬಿಟ್ಟು ಸರಿದ.

ಒಳಗೆ ಹೊಟ್ಟಿನ ಮೇಲೆ ಎಳೇ ಹೇಟೆಕೋಳಿಗಳು ಗಿಜಿಗುಡುತ್ತಿದ್ದವು, ಮೊನ್ನೆ ಮೊನ್ನೆ ತಂದು ಬಿಟ್ಟವು. ನೀರಿನ ಬಟ್ಟಲುಗಳ ಸುತ್ತ ಪುಟ್ಟ ಪುಟ್ಟ ಕೆಂಪು ಜುಟ್ಟುಗಳು. ಅಷ್ಟರಲ್ಲಿ ದೂರದಲ್ಲಿ ಎಂಜಿನ್ ಕೆರಳಿತು. ಶಬ್ದ ಹತ್ತಿರವಾಗುತ್ತಾ ಬಂದು ತಗಡಿನ ಮಾಡು ಗದಗದ ನಡುಗಿತು. ಹಕ್ಕಿಗಳೆಲ್ಲ ಒಂದು ಗಳಿಗೆ ಕಲ್ಲಾದವು. ಮರುಗಳಿಗೆ ಶೆಡ್ಡಿಗೆ ಶೆಡ್ಡೇ ಎದ್ದು ಒಂದು ಮೂಲೆಗೆ ನುಗ್ಗಿತು. ಒಂದರ ಮೇಲೊಂದು, ಅದರ ಮೇಲೆ ಇನ್ನೊಂದು, ಗೋಡೆಯೆತ್ತರಕ್ಕೆ ರೆಕ್ಕೆಗಳ ರಾಶಿ.

“ಅಡಿಯಲ್ಲಿರೋವಕ್ಕೆ ಉಸಿರುಕಟ್ಟುತ್ತೆ! ಎಳಿಯೋ, ಎಳಿ!” ಎಂದು ಗೆಳೆಯ ಚೀರಿ ರಾಶಿಗೆ ಕೈ ಹಾಕಿದ.

ಹೂಂಕಾರಪ್ಪನೂ ಮಂಡಿಯೂರಿ ಸಿಕ್ಕ ಸಿಕ್ಕದ್ದನ್ನು ಬಾಚಿ ಬಾಚಿ ಹಿಂದಕ್ಕೆ ಎಸೆದ. ಕೈಗೆ ಕುಕ್ಕಿದವು, ಕಣ್ಣಿಗೆ ದೂಳು ತುಂಬಿತು. ಬುಡ ಸಿಗುವ ಹೊತ್ತಿಗೆ ಒಂದಷ್ಟು ಹಕ್ಕಿಗಳು ಚಪ್ಪಟೆಯಾಗಿ, ಬೆಚ್ಚಗೆ, ಅಲುಗದೆ ಬಿದ್ದಿದ್ದವು. ಗೆಳೆಯ ಅವುಗಳಲ್ಲೊಂದನ್ನು ಎತ್ತಿ ಕೊಕ್ಕಿಗೆ ಊದಿದ. ಏನೂ ಆಗಲಿಲ್ಲ. ಅಷ್ಟು ದಪ್ಪ ಮೈಯ ಗಂಡಸು ಹೊಟ್ಟಿನ ಮೇಲೆ ಕುಕ್ಕರಿಸಿ ಮಗುವಿನ ಹಾಗೆ ಅತ್ತ.

“ಕಣ್ಣಾರೆ ನೋಡಿದೆಯಲ್ಲ,” ಎಂದ ಕಣ್ಣೊರೆಸಿಕೊಂಡು. “ಈಗಾದ್ರೂ ಸಭೇಲಿ ಹೇಳು. ಮುಚ್ಚಿಸಿಬಿಡೋಣ ಅದನ್ನ.”

ಹೂಂಕಾರಪ್ಪನ ನಾಲಿಗೆಯ ತುದಿಗೆ ಎಂದಿನ ಉತ್ತರ ಬಂದಿತ್ತು. ಕಚ್ಚಿ ಹಿಡಿದ. “ನೋಡಿದ್ದನ್ನ ಹೇಳ್ತೀನಿ. ಮುಚ್ಚಿಸಿ ಅಂತ ಹೇಳೋಕಾಗಲ್ಲ. ಆ ಕಡೆನೂ ಒಂದ್ಸಲ ನೋಡ್ಬೇಕು.”

“ಮತ್ತೆ ಎರಡು ದೋಣಿಗೆ ಕಾಲು!”

“ಇಲ್ಲ ಕಣೋ,” ಎಂದ. ಗೆಳೆಯನಿಗೆ ಎದುರು ಮಾತು ಆಡಿದ್ದು ಅವನಿಗೆ ನೆನಪಿದ್ದಂತೆ ಅದೇ ಮೊದಲು.

ಬೇಲಿ ಬಳಸಿ ರನ್‌ವೇಗೆ ಹೋದಾಗ ಅವನ ಅಂಗಿಯ ತುಂಬ ಪುಕ್ಕ. ಬಾಮೈದ ಆಗಷ್ಟೇ ಮೇಲಿಂದ ಇಳಿದು, ಹುಲ್ಲಿನ ಮೇಲೆ ಪ್ಯಾರಾಶೂಟ್ ಬಾಚಿಕೊಳ್ಳುತ್ತಿದ್ದ. ಅವನ ಮುಖ ನೋಡಿ ಹೂಂಕಾರಪ್ಪ ತಡೆದು ನಿಂತ. ಕಾವಲು ಕೆಲಸದ ಸಮವಸ್ತ್ರದಲ್ಲಿ ಸೊಟ್ಟ ಮೋರೆ ಹಾಕಿಕೊಂಡು ಬಂದು ಊಟ ಮಾಡಿ ಹೋಗುತ್ತಿದ್ದ ಮನುಷ್ಯ ಇವನೇನಾ? ಕೆನ್ನೆಗೆ ರಂಗೇರಿತ್ತು, ಕಣ್ಣು ಹೊಳೆಯುತ್ತಿತ್ತು, ತನ್ನಷ್ಟಕ್ಕೆ ತಾನೇ ಸಿಳ್ಳೆ ಹಾಕುತ್ತಿದ್ದ.

“ಮೇಲಿಂದ ಬರುವಾಗ ಒಂದು ಗಳಿಗೆ ಎಲ್ಲಾ ಸುಮ್ಮನಾಗುತ್ತೆ ಭಾವ,” ಎಂದ, ಕೋಪ ಮರೆತು. “ತಲೆಯೊಳಗಿನ ಗಲಾಟೆನೂ. ನೆಲದ ಮೇಲೆ ನನಗೆ ಬೇರೆ ಕೆಲಸ ಬರಲ್ಲ. ಪ್ರಯತ್ನ ಪಟ್ಟೆ, ನಿಮಗೇ ಗೊತ್ತು.”

“ಗೊತ್ತು,” ಎಂದ ಹೂಂಕಾರಪ್ಪ. “ಆದ್ರೆ ಆ ಫಾರಂ ತುದಿ ಕಡೆ ವಿಮಾನ ಏರಿಸ್ಬೇಡ ಕಣೋ.”

ಬಾಮೈದನ ಸಿಳ್ಳೆ ನಿಂತಿತು. “ಅದು ನನ್ನ ಕೈಲಿಲ್ಲ. ವಿಮಾನ ಗಾಳಿಗೆ ಎದುರಾಗೇ ಏರ್ಬೇಕು. ಇವತ್ತು ಗಾಳಿ ಫಾರಂ ಕಡೆಯಿಂದ ಇತ್ತು, ಹಾಗಾಗಿ ಆ ಕಡೆ ಏರಿದ್ವಿ.”

“ಹಾಗಾದ್ರೆ ಅಂಥ ದಿನ ಹಾರಲೇಬೇಡ.”

“ಭಾವ! ಜನ ದುಡ್ಡು ಕಟ್ಟಿ ಬಂದಿರ್ತಾರೆ, ಗಾಳಿ ಸರಿಯಿಲ್ಲ ವಾಪಸ್ ಹೋಗಿ ಅಂತ ಕಳಿಸ್ಲಾ? ನಿಮ್ಮ ಗೆಳೆಯ ಹೇಳಿಕೊಟ್ಟು ಕಳಿಸಿದ್ರಾ?”

“ಯಾರೂ ಹೇಳಿಕೊಟ್ಟಿಲ್ಲ. ನನ್ನ ಜೊತೆ ಬಾ.”

ಬಾಮೈದನ ತೋಳು ಹಿಡಿದು ಎಳೆದುಕೊಂಡೇ ಹೋದ. ಶೆಡ್ಡಿನ ಹೊರಗೆ ಗೆಳೆಯ ಸತ್ತ ಹಕ್ಕಿಗಳನ್ನು ಬುಟ್ಟಿಗೆ ತುಂಬುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬಾಮೈದ ಬುಟ್ಟಿಯನ್ನೇ ನೋಡುತ್ತಾ ನಿಂತ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಇಷ್ಟಾಗುತ್ತೆ ಅಂತ ಗೊತ್ತಿರ್ಲಿಲ್ಲ,” ಎಂದ. ಗೆಳೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದ.

ಎರಡನೆಯ ಸಭೆಗೆ ಮೊದಲಿಗಿಂತ ಹೆಚ್ಚು ಜನ. ಹೂಂಕಾರಪ್ಪನ ತಮಾಷೆ ನೋಡಲೆಂದೇ ಅರ್ಧ ಊರು ಬಂದಿತ್ತು. ಯಾರೂ ಕರೆಯದೆ ಅವನೇ ಎದ್ದಾಗ ಹಿಂದಿನಿಂದ ಯಾರೋ “ಹೂಂ!” ಎಂದು ಕೂಗಿದರು. ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ.

“ನಾನು ಎರಡೂ ಕಡೆ ಒಪ್ಕೊಂಡಿದ್ದು ತಪ್ಪು. ಯಾರಿಗೂ ಬೇಜಾರಾಗಬಾರದು ಅಂತ ಮಾಡಿದ್ದು, ಎಲ್ಲರಿಗೂ ಬೇಜಾರಾಯ್ತು,” ಎಂದ. ಶೆಡ್ಡಿನಲ್ಲಿ ಕಂಡದ್ದನ್ನು ಹೇಳಿದ. ಹುಲ್ಲಿನ ಮೇಲೆ ಕಂಡ ಮುಖವನ್ನೂ ಹೇಳಿದ. ತಡವರಿಸುತ್ತಾ, ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾ ಮಾತಾಡಿದ. “ಸೆಂಟರ್ ಬರಲಿ. ಆದ್ರೆ ಗಾಳಿ ಫಾರಂ ಕಡೆಯಿಂದ ಬರೋ ದಿನ ಹಾರೋದು ಬೇಡ. ಹೊಸ ಹಕ್ಕಿ ತಂದಾಗ ಅವು ಪಳಗೋವರೆಗೂ ಬೇಡ. ನನಗನ್ನಿಸೋದು ಇಷ್ಟು. ನನ್ನ ಬಾಮೈದನಿಗೂ ಇದು ಹಿಡಿಸಲ್ಲ, ನನ್ನ ಗೆಳೆಯನಿಗೂ ಹಿಡಿಸಲ್ಲ. ಇಬ್ಬರೂ ನನಗೆ ಬೇಕಾದೋರೇ.”

ಯಾರೂ ನಗಲಿಲ್ಲ. ಅಧ್ಯಕ್ಷೆ ಬಾಮೈದನತ್ತ ತಿರುಗಿದರು. ಅವನು ಎದ್ದು ನಿಂತು, “ಹಾಗೇ ಆಗ್ಲಿ. ಸತ್ತ ಹಕ್ಕಿಗಳಿಗೆ ಪರಿಹಾರನೂ ಕೊಡ್ತೀನಿ,” ಎಂದ. ಗೆಳೆಯ, “ನಾನು ಒಪ್ಪಿದೀನಿ ಅಂತ ಬರ್ಕೋಬೇಡಿ, ವಿರೋಧ ಬಿಟ್ಟೆ ಅಂತ ಬರ್ಕೊಳ್ಳಿ,” ಎಂದ. ಆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಇಬ್ಬರೂ ಹೂಂಕಾರಪ್ಪನ ಮೇಲೆ ಮುನಿಸಿಕೊಂಡೇ ಇದ್ದರು. ಆದರೆ ಷರತ್ತು ಅವರಿಬ್ಬರನ್ನೂ ದಿನಾ ಬೆಳಗ್ಗೆ ಫೋನಿನಲ್ಲಿ ಮಾತಾಡಿಸಿತು. “ಗಾಳಿ ಯಾವ ಕಡೆಯಿಂದ?” “ನಿಮ್ಮ ಕಡೆಯಿಂದ.” “ಹಾಗಾದ್ರೆ ಮಲ್ಕೋ.” ಇಷ್ಟೇ ಮಾತು. ಬರಬರುತ್ತಾ ಅದಕ್ಕೆ ಮೊಟ್ಟೆಯ ದರ, ಬಾಮೈದನ ಮೊಣಕಾಲು ನೋವು, ಗೆಳೆಯನ ರಕ್ತದೊತ್ತಡ ಎಲ್ಲ ಸೇರಿಕೊಂಡವು. ಒಂದು ದಿನ ಗೆಳೆಯ ಎದೆಯವರೆಗೆ ಇಳಿದ ಗಡ್ಡದೊಂದಿಗೆ ಬಂದು ಕುರ್ಚಿಯಲ್ಲಿ ಕೂತ. “ತೆಗಿ ಇದನ್ನ. ಕೋಳಿಗಳು ನನ್ನನ್ನ ನೋಡಿನೇ ಹೆದರ್ತಿವೆ.”

ಅದಾದ ಕೆಲವು ದಿನಗಳಿಗೆ ಹೆಂಡತಿ ಒಂದು ಬೆಳಿಗ್ಗೆ ಚಹಾದ ಲೋಟ ಅವನ ಮುಂದಿಡುತ್ತಾ, “ನಾನೂ ಒಂದ್ಸಲ ಹಾರ್ಲಾ? ತಮ್ಮ ನನ್ನನ್ನ ತನ್ನ ಮೈಗೆ ಕಟ್ಕೊಂಡು ಜಿಗೀತಾನಂತೆ,” ಎಂದಳು.

“ಬೇಡ,” ಎಂದ ಥಟ್ಟನೆ. “ನನಗೆ ಭಯ ಆಗುತ್ತೆ.”

ಅವಳು ಲೋಟ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಅವನನ್ನು ನೋಡಿದಳು. ಕಣ್ಣಂಚು ಒದ್ದೆಯಾಯಿತು. “ಏನು ಭಯ, ಹೇಳಿ.”

ಅವನು ಹೇಳಿದ. ಪ್ಯಾರಾಶೂಟ್ ಬಿಚ್ಚದಿದ್ದರೆ, ಗಾಳಿ ತಿರುಗಿದರೆ, ಎದೆ ನಿಂತರೆ, ಅವಳಿಲ್ಲದೆ ಈ ಮನೆಯಲ್ಲಿ ತಾನು ಏನು ಮಾಡಲಿ ಎಂಬವರೆಗೂ ಹೇಳಿದ. ಚಹಾ ತಣ್ಣಗಾಯಿತು. ಅವಳು ಒಂದು ಮಾತೂ ಬಿಡದೆ ಕೇಳಿಸಿಕೊಂಡಳು. ಎಲ್ಲ ಕೇಳಿಸಿಕೊಂಡು, ಮುಂದಿನ ಭಾನುವಾರ ಹಾರಿಯೇ ಹಾರಿದಳು.

ಹೂಂಕಾರಪ್ಪ ಹುಲ್ಲಿನ ಮೇಲೆ ನಿಂತು ಕತ್ತು ನೋಯುವವರೆಗೂ ಮೇಲೆ ನೋಡಿದ. ಗೆಳೆಯ ಪಕ್ಕದಲ್ಲಿ ನಿಂತು, “ಏನೂ ಆಗಲ್ಲ ಬಿಡೋ, ನಿನ್ನ ಬಾಮೈದ ಗಟ್ಟಿಗ,” ಎನ್ನುತ್ತಾ ಅವನ ಭುಜ ಅದುಮುತ್ತಿದ್ದ. ನೀಲಿಯ ನಡುವೆ ಒಂದು ಚುಕ್ಕೆ ಮೂಡಿ, ಅದರ ಮೇಲೆ ಕೆಂಪು ಬಟ್ಟೆ ಅರಳಿ, ನಿಧಾನವಾಗಿ ತೇಲುತ್ತಾ ಬಂತು. ಅವಳು ತಮ್ಮನೊಂದಿಗೆ ಕಾಲು ಚಾಚಿಕೊಂಡು ಹುಲ್ಲಿಗೆ ಕುಂಡಿಯೂರಿ ಜಾರಿ ಬಂದು, ಪಟ್ಟಿ ಬಿಚ್ಚಿಸಿಕೊಂಡು ಗಂಡನ ಮುಂದೆಯೇ ಎದ್ದು ನಿಂತಳು. ಕೂದಲು ಕೆದರಿತ್ತು, ಬಾಯಿ ಕಿವಿಯವರೆಗೆ ಹರಡಿತ್ತು.

“ಹೇಗಿತ್ತು?” ಎಂದ, ಅವಳ ಎರಡೂ ಕೈ ಹಿಡಿದುಕೊಂಡು.

“ಮೇಲಿಂದ ನಮ್ಮ ತಾರಸಿ ಕಾಣಿಸ್ತು ರೀ,” ಎಂದಳು ಏದುಸಿರು ಬಿಡುತ್ತಾ. “ಸಲೂನಿನ ಟವೆಲ್ಲೆಲ್ಲ ಇನ್ನೂ ಹಗ್ಗದ ಮೇಲೇ ಇದಾವೆ. ಒಣಗಿದ್ದು ಎತ್ತಿಡೋಕೆ ನಿಮಗೇನಾಗಿತ್ತು?”