ಎರಡು ಬಕೆಟ್ ಬೈನೆ ಹಣ್ಣು

ಶೀನ ಎರಡನೆಯ ಬಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ಮೊದಲನೆಯದರ ಉರಿ ಮೊಣಕೈಯವರೆಗೆ ಏರಿತ್ತು. ಬೈನೆ ಹಣ್ಣಿನ ತಿರುಳು ಮೈಗೆ ತಾಗಿದರೆ ಸಾವಿರ ಸೂಜಿ ಒಟ್ಟಿಗೆ ಚುಚ್ಚಿದ ಹಾಗೆ. ಊರಲ್ಲಿ ಅವನ ಅಪ್ಪ ಬೈನೆ ಮರ ಕಟ್ಟಿ ಕಳ್ಳು ಇಳಿಸುತ್ತಿದ್ದವನು. ಹಣ್ಣಿಗೆ ಬರಿಗೈ ಹಾಕಬಾರದೆಂಬುದು ಶೀನನಿಗೆ ನಡೆಯಲು ಕಲಿತಾಗಿನಿಂದ ಗೊತ್ತು. ಬೆಳಿಗ್ಗೆಯೇ ಹೇಳಿಯೂ ಇದ್ದ.

"ಹತ್ತು ದಿನ ನೀರಲ್ಲಿ ಕೊಳೆಯಲಿ ಧಣಿ. ಮತ್ತೆ ಕೋಲಲ್ಲಿ ತಿರುವಿದ್ರೆ ಸಿಪ್ಪೆ ತಾನಾಗಿ ಬಿಡ್ತದೆ."

"ಹತ್ತು ದಿನ ಆ ನಾತ ಕುಡಿಲಿಕ್ಕೆ ಇದು ನಿನ್ನ ಅಪ್ಪನ ಹಿತ್ತಿಲಾ?" ಎಂದಿದ್ದ ಕೃಷ್ಣರಾಜ. "ನಿಮ್ಮವರಿಗೆ ಬೈನೆ ಎಂತ ಹೊಸತಾ? ತಿಕ್ಕು."

ಮೈಲಾಪುರದಲ್ಲಿ ಕೃಷ್ಣರಾಜನ ಹೋಟೆಲು, ಅದರ ಬೆನ್ನಿಗೇ ಅವನ ಮನೆ. ತಾಂಬರಂನಲ್ಲಿ ಎರಡನೆಯ ಹೋಟೆಲು ತೆರೆಯುವ ಏರ್ಪಾಡಿನಲ್ಲಿದ್ದ ಅವನು ಯಾವುದೋ ಬಂಗಲೆಯಲ್ಲಿ ಬೈನೆ ಮರ ನೋಡಿ, ಮೀನಿನ ಬಾಲದಂಥ ಆ ಎಲೆಗಳಿಗೆ ಮರುಳಾಗಿದ್ದ. ಸಸಿ ಮಾಡಿ ಕುಂಡಗಳಲ್ಲಿ ಬಾಗಿಲ ಮುಂದೆ ಸಾಲಾಗಿ ಇಡಬೇಕು. ಬಂಗಲೆಯ ಮಾಲಿಯಿಂದ ಹಣ್ಣು ತರಿಸಿ, ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುವ ಶೀನನ ಮುಂದೆ ಇಟ್ಟಿದ್ದ.

ಶೀನ ಗೋಣಿಯ ಮೇಲೆ ಮರಳು ಹಾಕಿ, ಕಪ್ಪು ಬೀಜ ಕಾಣುವವರೆಗೆ ಹಣ್ಣು ತಿಕ್ಕಿದ. ನೀರಲ್ಲಿ ತೇಲಿದ್ದನ್ನು ಎಸೆದು, ಮುಳುಗಿದ್ದನ್ನು ನೆರಳಲ್ಲಿ ಹರಡಿದ. ಮಧ್ಯಾಹ್ನವಾಗುವಾಗ ಎರಡನೆಯ ಬಕೆಟ್ಟು ಇನ್ನೂ ಅರ್ಧ ಉಳಿದಿತ್ತು, ಕೈಗಳು ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬಿದ್ದವು. ಊಟದ ಗಲಾಟೆ ಶುರುವಾಗಿ ಒಳಗಿಂದ ಕರೆ ಬಂತು. ಸಾಂಬಾರಿನ ಪಾತ್ರೆ ಎತ್ತಿದ, ಬೆರಳು ಮಡಚಲಿಲ್ಲ. ಪಾತ್ರೆ ಕವುಚಿಬಿದ್ದು ಸಾಂಬಾರು ಹಬೆಯಾಡುತ್ತ ಗಿರಾಕಿಗಳ ಕಾಲಿನವರೆಗೂ ಹರಿಯಿತು.

ಕೃಷ್ಣರಾಜ ಕೈಗೆ ಸಿಕ್ಕಿದ ಕಬ್ಬಿಣದ ಸಟ್ಟುಗದಿಂದ ಅವನ ಬೆನ್ನಿಗೆ ಹೊಡೆದ, ಕತ್ತಿಗೆ ಹೊಡೆದ. ಮೂರನೆಯ ಏಟಿಗೆ ಕಿವಿ ಹರಿಯಿತು. "ಬೇಕೂಂತಲೇ ಬೀಳಿಸಿದ್ದು ನೀನು!" ಕೂದಲು ಹಿಡಿದು ಹಿತ್ತಿಲಿಗೆ ಎಳೆದು ತಂದು, "ಮೊದಲು ಇದನ್ನು ಮುಗಿಸು ನಾಯಿ," ಎಂದು ಅವನ ಮುಖವನ್ನು ಬಕೆಟ್ಟಿಗೆ ಒತ್ತಿದ.

ತಿರುಳಿನ ನೀರು ತುಟಿಗೆ, ಮೂಗಿಗೆ, ಹರಿದ ಕಿವಿಗೆ ತಾಗಿತು. ಶೀನ ಮೈಯನ್ನು ಒಮ್ಮೆ ತಿರುಚಿ ಧಣಿಯ ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊಣಕೈ ಮುಳುಗುವವರೆಗೆ ಬಕೆಟ್ಟಿಗೆ ತುರುಕಿದ. ಮೇಲೆ ತನ್ನ ಇಡೀ ಭಾರ ಹಾಕಿ ಕೂತ.

"ತಿಕ್ಕಿ ಧಣಿ," ಎಂದ.

ಮೊದಲು ಬೈಗುಳ ಬಂತು. ಆಮೇಲೆ ಬಂದದ್ದು ಮಾತಾಗಿರಲಿಲ್ಲ.

ಅಡುಗೆಯವರೆಲ್ಲ ಓಡಿಬಂದರು. ಮುಂದೆ ಇದ್ದವನು ಕಾಂತಪ್ಪ, ಒಲೆಯ ಮುಂದಿನ ದೊಡ್ಡ ಅಡುಗೆಯವನು. ಒಂದೇ ಊರು, ಹನ್ನೊಂದು ವರ್ಷ ಶೀನನ ಪಕ್ಕದ ಚಾಪೆ. ಅವನ ಕೈಯಲ್ಲಿ ಸೌದೆ ಇತ್ತು. ಶೀನ ಅವನನ್ನು ನೋಡಿ ಬಿಡಿಸಲು ಬಂದನೆಂದುಕೊಂಡ. ಸೌದೆ ನೇರ ಬಾಯಿಗೆ ಬಿತ್ತು. ಮುಂದಿನ ಎರಡು ಹಲ್ಲು ನಾಲಿಗೆಯ ಮೇಲೆ ಉದುರಿದವು. ಉಳಿದವರು ನಾಲ್ಕು ಸಲ ಒದ್ದು ಸುಮ್ಮನಾದರು. ಕಾಂತಪ್ಪ ನಿಲ್ಲಿಸಲಿಲ್ಲ. ಪಕ್ಕೆಗೆ, ತೊಡೆಗೆ, ಅಡ್ಡ ಹಿಡಿದ ಆ ಉಬ್ಬಿದ ಕೈಗೆ.

"ಸಾಕು! ಸಾಯ್ತಾನೆ ಅವನು!" ಎಂದು ಕೃಷ್ಣರಾಜನ ಹೆಂಡತಿ ಚಂದ್ರಮತಿ ಮೆಟ್ಟಿಲಿಳಿದು ಬಂದ ಮೇಲೆಯೇ ಸೌದೆ ಕೆಳಗಾದದ್ದು. ಅವಳು ನೆಲದಲ್ಲಿ ಹೊರಳುತ್ತಿದ್ದ ಗಂಡನ ಕೈಗೆ ಕೊಬ್ಬರಿ ಎಣ್ಣೆ ಸುರಿದಳು. ಉಳಿದ ಎಣ್ಣೆಯ ಬಾಟ್ಲಿಯನ್ನು ಶೀನನ ಬಳಿ ಇಟ್ಟು, ಅವನ ಮುಖ ನೋಡದೆ ಒಳಗೆ ಹೋದಳು.

ಪೊಲೀಸರವರೆಗೆ ಯಾರೂ ಹೋಗಲಿಲ್ಲ. ಶೀನ ಉಟ್ಟ ಬಟ್ಟೆಯಲ್ಲೇ ಹೊರಬಿದ್ದ.

ಐದು ತಿಂಗಳ ಮೇಲೆ, ರಾಯಪುರಂನಲ್ಲಿ ಮೂಟೆ ಹೊರುತ್ತಿದ್ದ ಅವನನ್ನು ಹುಡುಕಿಕೊಂಡು ಕಾಂತಪ್ಪ ಬಂದ. ತಲೆಯ ಮೇಲೆ ಶೀನ ಹೋಟೆಲಿನಲ್ಲೇ ಬಿಟ್ಟುಬಂದಿದ್ದ ತಗಡಿನ ಪೆಟ್ಟಿಗೆ. ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕೂತರು.

"ಆ ಬೀಜ ಚಂದ್ರಮತಿಯಮ್ಮ ಬಿಸಾಡ್ಲಿಲ್ಲ," ಎಂದ ಕಾಂತಪ್ಪ. "ತೆಂಗಿನ ನಾರಿನ ಪುಡಿಯಲ್ಲಿ ಹಾಕಿ ಒಲೆಗೋಡೆಯ ಹತ್ತಿರ ಇಟ್ಟಿದ್ರು. ದಿನಾ ನೀರು ಚಿಮುಕಿಸಿದ್ರು. ಈಗ ಹದಿನೇಳು ಮೊಳಕೆ ಉಂಟು. ಧಣಿ ಮಾತ್ರ ಆ ಕಡೆ ಹೋಗುದಿಲ್ಲ."

"ಬಿಸಿಲಿಗೆ ಇಡ್ಲಿಕ್ಕಿಲ್ಲ ಅಂತ ಹೇಳು. ಎಳೆಯ ಎಲೆ ಸುಡ್ತದೆ."

ಕಾಂತಪ್ಪ ತಲೆಯಾಡಿಸಿದ. ಟೀ ತಣಿಯುತ್ತಿತ್ತು. "ಅವತ್ತು ಧಣಿ ನೋಡ್ತಾ ಇದ್ರು ಶೀನಾ," ಎಂದ ಕೊನೆಗೆ. "ನಾನು ಹೊಡಿಯದಿದ್ರೆ ನನ್ನ ಕೆಲಸವೂ..."

"ಧಣಿ ಕಣ್ಣು ಮುಚ್ಚಿಕೊಂಡು ಬೊಬ್ಬೆ ಹಾಕ್ತಿದ್ರು ಮಾರಾಯ. ನೋಡ್ತಾ ಇದ್ದದ್ದು ನಾನು."

ಮೇಸ್ತ್ರಿ ರಸ್ತೆಯಾಚೆಯಿಂದ ಕೂಗಿದ: "ಏಯ್ ಶೀನಾ, ವಾಡಾ! ಲಾರಿ ವಂದಾಚ್ಚು!"

ಲಾರಿ ಬಂದಿತ್ತು. ಶೀನ ತಲೆಗೆ ಗೋಣಿ ಸುತ್ತಿಕೊಂಡು ಎದ್ದ. ಮೊದಲ ಮೂಟೆ ಇಳಿಸಿ ತಿರುಗಿದಾಗ ಮೈಲಾಪುರದ ಬಸ್ಸು ಬಂದು ಹೋಯಿತು, ಕಾಂತಪ್ಪ ಹತ್ತಲಿಲ್ಲ. ಎಂಟನೆಯ ಮೂಟೆಗೆ ಇನ್ನೊಂದು ಬಸ್ಸು ಬಂತು. ಅದು ಎಬ್ಬಿಸಿದ ಧೂಳು ಇಳಿದ ಮೇಲೆ, ಕಾಂತಪ್ಪ ಅಲ್ಲೇ, ಖಾಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.